ಸ್ಕ್ಯಾನ್ ‘ನಾರ್ಮಲ್’, ನೋವು ಮಾತ್ರ ಹಾಗೆಯೇ: ಕೊಯ್ಯದೆ ಎಂಡೋಮೆಟ್ರಿಯೋಸಿಸ್ ಪತ್ತೆ ಹಚ್ಚುವುದು ಹೇಗೆ?

“ಮುಟ್ಟಿನ ಹೊಟ್ಟೆನೋವು ಎಲ್ಲ ಹೆಣ್ಣುಮಕ್ಕಳಿಗೂ ಇರ್ತದೆ. ಮದುವೆ ಆದ್ರೆ ಸರಿ ಹೋಗ್ತದೆ.” ಮಂಜೇಶ್ವರದಿಂದ ಹೊಸದುರ್ಗದವರೆಗೆ ಹೆಚ್ಚಿನ ಮನೆಗಳಲ್ಲಿ ಕೇಳಿ ಬರುವ ಮಾತಿದು. ಅರ್ಧ ಸತ್ಯ. ಮುಟ್ಟಿನ ಮೊದಲ ಒಂದೆರಡು ದಿನ ಸ್ವಲ್ಪ ನೋವು ಬಹಳಷ್ಟು ಮಂದಿಗೆ ಇರುತ್ತದೆ, ಬಿಸಿನೀರಿನ ಶಾಖಕ್ಕೋ ಒಂದು ಮಾತ್ರೆಗೋ ಅದು ಇಳಿಯುತ್ತದೆ. ಆದರೆ ಪ್ರತಿ ತಿಂಗಳೂ ಶಾಲೆ, ಕಾಲೇಜು ತಪ್ಪಿಸುವ ನೋವು, ಮಾತ್ರೆ ನುಂಗಿದರೂ ಮಗ್ಗುಲು ಬದಲಿಸಲು ಬಿಡದ ನೋವು, ಮಲವಿಸರ್ಜನೆಯ ಹೊತ್ತಿಗೆ ಇರಿದಂತಾಗುವ ನೋವು ಸಾಮಾನ್ಯವಲ್ಲ. ಅದರ ಹಿಂದೆ ಎಂಡೋಮೆಟ್ರಿಯೋಸಿಸ್ ಎಂಬ ರೋಗ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಮಕ್ಕಳಾಗುವ ವಯಸ್ಸಿನ ಸುಮಾರು ಶೇ. 10ರಷ್ಟು, ಅಂದರೆ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಈ ರೋಗವಿದೆ. ಇಷ್ಟು ಮಂದಿಗೆ ಇರುವ ರೋಗವಾದರೂ ಹೆಸರು ಗೊತ್ತಾಗಲು ಹಲವು ವರ್ಷಗಳೇ ಹಿಡಿಯುತ್ತವೆ. ಈ ವಿಳಂಬದ ಒಂದು ದೊಡ್ಡ ಕಾರಣ, ಹೊಟ್ಟೆಯೊಳಗೆ ಕ್ಯಾಮರಾ ಹಾಕಿ ನೋಡಿದರೆ ಮಾತ್ರ ಇದು ಖಚಿತವಾಗುತ್ತದೆ ಎಂಬ ಹಳೆಯ ನಿಯಮ. ಆ ನಿಯಮ ಈಗ ಬದಲಾಗಿದೆ. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಮೂಲಕ, ಕೊಯ್ಯದೆ, ಹೊಲಿಗೆ ಹಾಕದೆ ಈ ರೋಗವನ್ನು ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ಆದರೆ ಯಾವ ಸ್ಕ್ಯಾನ್, ಯಾರು ಮಾಡಬೇಕು, ವರದಿಯನ್ನು ಹೇಗೆ ಓದಬೇಕು ಎಂಬುದು ತಿಳಿದಿರಬೇಕು.

ರೋಗ ಎಂದರೇನು?

ಗರ್ಭಕೋಶದ ಒಳಪದರ ಪ್ರತಿ ತಿಂಗಳು ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಬರುತ್ತದೆ. ಇದೇ ಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದಲ್ಲೋ ಕರುಳಿನ ಮೇಲೋ ಮೂತ್ರಕೋಶದ ಹತ್ತಿರವೋ ಬೆಳೆಯುವುದೇ ಎಂಡೋಮೆಟ್ರಿಯೋಸಿಸ್. ಹಾರ್ಮೋನುಗಳಿಗೆ ಅದು ಕೂಡ ಸ್ಪಂದಿಸುತ್ತದೆ. ಆದರೆ ಅಲ್ಲಿನ ರಕ್ತಕ್ಕೆ ಹೊರಬರಲು ದಾರಿಯಿಲ್ಲ. ಹಾಗಾಗಿ ಉರಿಯೂತವಾಗಿ, ಗಾಯದ ಕಲೆಯಂಥ ನಾರು ಬೆಳೆದು, ಅಂಗಾಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಈ ರೋಗವನ್ನು ವಿವರವಾಗಿ ಬರೆದು ಈ ಹೆಸರನ್ನು ಬಳಕೆಗೆ ತಂದರು.

ಪತ್ತೆಯ ದೃಷ್ಟಿಯಿಂದ ಇದನ್ನು ಮೂರು ಬಗೆಯಾಗಿ ನೋಡಲಾಗುತ್ತದೆ. ಹೊಟ್ಟೆಯ ಒಳಪೊರೆಯ ಮೇಲೆ ಸಣ್ಣ ಚುಕ್ಕೆಗಳಂತೆ ಹರಡುವ ಮೇಲ್ಪದರದ ರೋಗ ಮೊದಲನೆಯದು. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ನೀರುಗುಳ್ಳೆ ಎರಡನೆಯದು. ಒಳಗಿನ ದ್ರವದ ಕಂದು ಬಣ್ಣದಿಂದಾಗಿ ಇದಕ್ಕೆ ‘ಚಾಕಲೇಟ್ ಸಿಸ್ಟ್’ ಎಂಬ ಹೆಸರು. ಕರುಳು, ಮೂತ್ರಕೋಶ, ಗರ್ಭಕೋಶದ ಹಿಂಬದಿಯ ತಂತುಗಳೊಳಗೆ ಗಂಟಾಗಿ ಇಳಿಯುವ ಆಳದ ರೋಗ ಮೂರನೆಯದು. ಈ ವ್ಯತ್ಯಾಸ ನೆನಪಿನಲ್ಲಿರಬೇಕು. ಯಾಕೆಂದರೆ ಎರಡನೆಯ ಮತ್ತು ಮೂರನೆಯ ಬಗೆ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುತ್ತವೆ, ಮೊದಲನೆಯದು ಹೆಚ್ಚಾಗಿ ಕಾಣುವುದಿಲ್ಲ.

ಬದಲಾದ ನಿಯಮ

ದಶಕಗಳ ಕಾಲ ಲ್ಯಾಪರೋಸ್ಕೋಪಿಯೇ ಅಂತಿಮ ಪರೀಕ್ಷೆ ಎನಿಸಿತ್ತು. ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಕ್ಯಾಮರಾ ಇಳಿಸಿ ನೋಡುವ ವಿಧಾನ ಇದು. ಖರ್ಚು, ಭಯ, ಆಪರೇಷನ್ ಎಂಬ ಶಬ್ದ, ಮದುವೆಯಾಗದ ಮಗಳ ಹೊಟ್ಟೆಯ ಮೇಲೆ ಕಲೆ ಉಳಿದೀತು ಎಂಬ ಉಮ್ಮಂದಿರ ಚಿಂತೆ, ಎಲ್ಲ ಸೇರಿ ಪರೀಕ್ಷೆ ಮುಂದಕ್ಕೆ ಹೋಗುತ್ತಿತ್ತು.

ಸಂತಾನೋತ್ಪತ್ತಿ ತಜ್ಞರ ಯುರೋಪಿನ ಸಂಘಟನೆ ಎಶ್ರೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ನಿಲುವನ್ನು ಬದಲಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ, ಅಥವಾ ಔಷಧಿಯಿಂದ ಗುಣ ಕಾಣದಿದ್ದರೆ ಇಲ್ಲವೇ ಔಷಧಿ ಕೊಡುವಂತಿಲ್ಲದಿದ್ದರೆ ಮಾತ್ರ ಪತ್ತೆಗಾಗಿ ಲ್ಯಾಪರೋಸ್ಕೋಪಿ ಸಾಕು ಎಂದು ಅದು ಹೇಳುತ್ತದೆ. ಅಂದರೆ ರೋಗಲಕ್ಷಣ ಕೇಳಿ, ದೇಹ ಪರೀಕ್ಷಿಸಿ, ಸ್ಕ್ಯಾನ್ ನೋಡಿ ಚಿಕಿತ್ಸೆ ಶುರು ಮಾಡಬಹುದು. ಅದೇ ಮಾರ್ಗಸೂಚಿಯ ಇನ್ನೊಂದು ಮಾತು ಪ್ರತಿ ಮನೆಯವರೂ ತಿಳಿಯಬೇಕಾದದ್ದು: ರೋಗ ವಾಸಿಯಾಗಲೆಂಬ ಒಂದೇ ಉದ್ದೇಶಕ್ಕೆ ಗರ್ಭಿಣಿಯಾಗಲು ಸಲಹೆ ಕೊಡಬಾರದು. ಮದುವೆಯಾಗಲಿ ಮಗುವಾಗಲಿ ಈ ರೋಗಕ್ಕೆ ಮದ್ದಲ್ಲ.

ಅಲ್ಟ್ರಾಸೌಂಡ್: ಮೊದಲ ಪರೀಕ್ಷೆ

ಅಲ್ಟ್ರಾಸೌಂಡ್ ಎಂದರೆ ಕಿವಿಗೆ ಕೇಳದ ಶಬ್ದತರಂಗಗಳನ್ನು ದೇಹದೊಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವುದು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1958ರಲ್ಲಿ ಸ್ತ್ರೀರೋಗ ಚಿಕಿತ್ಸೆಯಲ್ಲಿ ಇದರ ಉಪಯೋಗವನ್ನು ತೋರಿಸಿಕೊಟ್ಟರು. ಇದರಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್ ಎಲ್ಲರಿಗೂ ಪರಿಚಿತ. ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮಲಗಿದರೆ ಸಾಕು. ದೊಡ್ಡ ಚಾಕಲೇಟ್ ಸಿಸ್ಟ್ ಇದರಲ್ಲಿ ಕಾಣಬಹುದು. ಆದರೆ ಕರುಳಿಗೆ ಅಂಟಿದ ಸಣ್ಣ ಗಂಟು ಕಾಣುವುದು ಕಷ್ಟ.

ವಿವಾಹಿತ ಮಹಿಳೆಯರಿಗೆ ಸಾಮಾನ್ಯವಾಗಿ ಸೂಚಿಸುವುದು ಯೋನಿ ಮಾರ್ಗದ ಸ್ಕ್ಯಾನ್. ಬೆರಳಿನಷ್ಟು ದಪ್ಪದ ಪ್ರೋಬ್ ಅನ್ನು ಹೊಸ ಕವಚ ಹಾಕಿ ಬಳಸಲಾಗುತ್ತದೆ. ಅಂಗಗಳಿಗೆ ಹತ್ತಿರವಿರುವುದರಿಂದ ಚಿತ್ರ ಬಹಳ ಸ್ಪಷ್ಟ. ಮೂತ್ರಕೋಶ ತುಂಬಿರಬೇಕಾಗಿಲ್ಲ.

ಇದನ್ನು ಹೇಗೆ ಮಾಡಬೇಕೆಂದು ‘ಐಡಿಯಾ’ ಎಂಬ ಅಂತಾರಾಷ್ಟ್ರೀಯ ತಜ್ಞರ ಗುಂಪು 2016ರಲ್ಲಿ ನಾಲ್ಕು ಹಂತಗಳನ್ನು ತಿಳಿಸಿತು.

1. ಗರ್ಭಕೋಶ ಮತ್ತು ಅಂಡಾಶಯಗಳನ್ನು ನೋಡುವುದು. ಚಾಕಲೇಟ್ ಸಿಸ್ಟ್ ಇದ್ದರೆ ಒಳಗಿನ ದ್ರವ ಮಂಜು ಕವಿದ ಗಾಜಿನಂತೆ ಒಂದೇ ಸಮನೆ ಬೂದಾಗಿ ಕಾಣುತ್ತದೆ.

2. ಪ್ರೋಬ್ ತಾಗಿದಾಗ ಯಾವ ಜಾಗದಲ್ಲಿ ನೋವಾಗುತ್ತದೆ, ಅಂಡಾಶಯಗಳು ಸಲೀಸಾಗಿ ಅಲುಗಾಡುತ್ತವೆಯೇ ಅಥವಾ ಅಂಟಿಕೊಂಡಿವೆಯೇ ಎಂದು ನೋಡುವುದು. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ತಾಗಿ ನಿಂತಿದ್ದರೆ ರೋಗ ಮುಂದುವರಿದಿದೆ ಎಂಬ ಸೂಚನೆ.

3. ಮೆಲ್ಲಗೆ ಒತ್ತಿದಾಗ ಗರ್ಭಕೋಶ ಮತ್ತು ಅದರ ಹಿಂದಿನ ಕರುಳು ಒಂದರ ಮೇಲೊಂದು ಜಾರುತ್ತವೆಯೇ ಎಂದು ನೋಡುವುದು. ವರದಿಯಲ್ಲಿ ಇದು ‘ಸ್ಲೈಡಿಂಗ್ ಸೈನ್’. ಜಾರಿದರೆ ಪಾಸಿಟಿವ್, ಅದು ಒಳ್ಳೆಯದು. ಜಾರದಿದ್ದರೆ ನೆಗೆಟಿವ್, ಅಂದರೆ ಅಂಟಿಕೊಂಡಿದೆ. ಇಲ್ಲಿ ನೆಗೆಟಿವ್ ಎಂಬ ಶಬ್ದ ಓದಿ ರೋಗ ಇಲ್ಲ ಎಂದು ಸಮಾಧಾನಪಟ್ಟುಕೊಂಡರೆ ತಪ್ಪಾಗುತ್ತದೆ.

4. ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಕರುಳು ಮತ್ತು ತಂತುಗಳಲ್ಲಿ ಗಂಟುಗಳನ್ನು ಹುಡುಕಿ ಅಳತೆ ಬರೆಯುವುದು.

ಇದರೊಂದಿಗೆ ಹೊಟ್ಟೆಯ ಮೇಲಿಂದ ಕಿಡ್ನಿಗಳನ್ನೂ ನೋಡಬೇಕು. ಆಳದ ರೋಗ ಮೂತ್ರನಾಳವನ್ನು ಒತ್ತಿ ಹಿಡಿದರೆ ಯಾವ ನೋವೂ ಇಲ್ಲದೆ ಕಿಡ್ನಿ ಹಾಳಾಗುವ ಸಾಧ್ಯತೆ ಇರುತ್ತದೆ.

ಈ ನಾಲ್ಕು ಹಂತಗಳಿಗೆ ಸಮಯವೂ ಬೇಕು, ತರಬೇತಿಯೂ ಬೇಕು. ಸಾಲಿನಲ್ಲಿ ಮೂವತ್ತು ಮಂದಿ ಕಾಯುತ್ತಿರುವ ಸ್ಕ್ಯಾನ್ ಸೆಂಟರ್‌ನಲ್ಲಿ ಐದು ನಿಮಿಷದ ‘ಪೆಲ್ವಿಕ್ ಸ್ಕ್ಯಾನ್’ ಮೊದಲ ಹಂತಕ್ಕೇ ಮುಗಿದುಹೋಗುತ್ತದೆ. ‘ಗರ್ಭಕೋಶ ನಾರ್ಮಲ್, ಅಂಡಾಶಯ ನಾರ್ಮಲ್’ ಎಂದು ಎರಡು ಸಾಲು ಬರೆದಿದ್ದರೆ ಉಳಿದ ಮೂರು ಹಂತಗಳನ್ನು ನೋಡಿಲ್ಲ ಎಂದೇ ಹೆಚ್ಚಾಗಿ ಅರ್ಥ.

ಮದುವೆಯಾಗದ ಹೆಣ್ಣುಮಕ್ಕಳಿಗೆ ಏನು ದಾರಿ?

ರೋಗದ ನೋವು ಹದಿಹರೆಯದಲ್ಲೇ ಶುರುವಾಗುವುದುಂಟು. ಸ್ಕ್ಯಾನ್ ಕೋಣೆಯಲ್ಲಿ ಕೇಳುವ ಮೊದಲ ಪ್ರಶ್ನೆ “ಮದುವೆ ಆಗಿದ್ಯಾ?” ಎಂಬುದು. ಇಲ್ಲ ಎಂದರೆ ಯೋನಿ ಮಾರ್ಗದ ಸ್ಕ್ಯಾನ್ ಮಾಡುವುದಿಲ್ಲ. ಆದರೆ ಅಲ್ಲಿಗೆ ದಾರಿ ಮುಚ್ಚಿತು ಎಂದಲ್ಲ.

ಮೊದಲಿಗೆ, ತುಂಬಿದ ಮೂತ್ರಕೋಶದೊಂದಿಗೆ ಹೊಟ್ಟೆಯ ಮೇಲಿನ ಸ್ಕ್ಯಾನ್. ಚಾಕಲೇಟ್ ಸಿಸ್ಟ್ ಇದ್ದರೆ ಇದರಲ್ಲೇ ಸುಳಿವು ಸಿಗಬಹುದು. ಸಾಲದಿದ್ದರೆ ಎಂಆರ್‌ಐ. ಅದರಲ್ಲಿ ದೇಹದೊಳಗೆ ಯಾವ ಪ್ರೋಬ್ ಹಾಕುವುದೂ ಇಲ್ಲ. ಹುಟ್ಟಿನಿಂದಲೇ ಗರ್ಭಕೋಶ ಅಥವಾ ಯೋನಿ ಮಾರ್ಗದ ರಚನೆಯಲ್ಲಿ ತಡೆ ಇದ್ದು ಮುಟ್ಟಿನ ರಕ್ತ ಒಳಗೇ ನಿಲ್ಲುತ್ತಿದ್ದರೆ ಅದೂ ಎಂಆರ್‌ಐಯಲ್ಲಿ ತಿಳಿಯುತ್ತದೆ. ಗುದದ್ವಾರದ ಮೂಲಕ ಮಾಡುವ ಸ್ಕ್ಯಾನ್ ಇನ್ನೊಂದು ವಿಧಾನ. ಕರುಳಿನ ಗಂಟುಗಳನ್ನು ಅದು ಚೆನ್ನಾಗಿ ತೋರಿಸುತ್ತದೆ, ಆದರೆ ಹೆಣ್ಣುಮಗಳ ಪೂರ್ಣ ಒಪ್ಪಿಗೆ ಇದ್ದರೆ ಮಾತ್ರ.

ಸ್ಕ್ಯಾನ್ ಮಾಡುವವರು ಮಹಿಳೆಯೇ ಆಗಿರಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಮಹಿಳಾ ಸೋನಾಲಜಿಸ್ಟ್ ಇರುವ ದಿನ ಯಾವುದು ಎಂದು ಫೋನಿನಲ್ಲಿ ವಿಚಾರಿಸಬಹುದು. ಉಮ್ಮನೋ ತಾತನೋ ಜೊತೆಗೆ ನಿಲ್ಲಬಹುದೇ ಎಂದೂ ಕೇಳಬಹುದು. ಚಿಕಿತ್ಸೆಗೆ ಅಗತ್ಯವಿರುವಷ್ಟು ಮಟ್ಟಿಗೆ ದೇಹ ಪರೀಕ್ಷೆಗೆ ಶರೀಅತ್‌ನಲ್ಲಿ ಅನುಮತಿ ಇರುವುದನ್ನು ಉಲಮಾಗಳು ಹೇಳುತ್ತಲೇ ಬಂದಿದ್ದಾರೆ. ನಾಚಿಕೆಯ ಹೆಸರಿನಲ್ಲಿ ರೋಗ ಬೆಳೆಯಲು ಬಿಡುವುದು ಲಜ್ಜೆಯೂ ಅಲ್ಲ, ಸಹನೆಯೂ ಅಲ್ಲ.

ಎಂಆರ್‌ಐ: ಎರಡನೆಯ ಕಣ್ಣು

ಎಂಆರ್‌ಐಯಲ್ಲಿ ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ಬಳಕೆ. ಇದರಲ್ಲೂ ಎಕ್ಸ್‌ರೇ ವಿಕಿರಣ ಇಲ್ಲ. ಈ ತಂತ್ರಜ್ಞಾನಕ್ಕಾಗಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಚಾಕಲೇಟ್ ಸಿಸ್ಟ್‌ನ ಹಳೆಯ ರಕ್ತ ‘ಟಿ1’ ಎಂಬ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ‘ಟಿ2’ ಚಿತ್ರದಲ್ಲಿ ನೆರಳು ಬಿದ್ದಂತೆ ಮಸುಕಾಗುತ್ತದೆ. ಕೊಬ್ಬು ಕೂಡ ಬೆಳ್ಳಗೆ ಕಾಣುವುದರಿಂದ, ಕೊಬ್ಬಿನ ಹೊಳಪನ್ನು ಅಡಗಿಸಿ ಇನ್ನೊಂದು ಚಿತ್ರ ತೆಗೆಯುತ್ತಾರೆ. ಆಗಲೂ ಹೊಳೆಯುತ್ತಿದ್ದರೆ ಅದು ರಕ್ತ.

ಕರುಳು, ಮೂತ್ರನಾಳ, ಸೊಂಟದ ನರಗಳವರೆಗೆ ರೋಗ ಹರಡಿದೆಯೇ ಎಂಬ ನಕ್ಷೆ ಎಂಆರ್‌ಐಯಲ್ಲಿ ಸಿಗುತ್ತದೆ. ಆಪರೇಷನ್ ಬೇಕೆಂದಾದರೆ ಸರ್ಜನ್‌ಗೆ ಈ ನಕ್ಷೆ ಬಹಳ ಉಪಯುಕ್ತ.

ತಯಾರಿ ಹೀಗಿರುತ್ತದೆ. ಕೆಲವು ಗಂಟೆ ಏನೂ ತಿನ್ನಬಾರದು ಎಂದು ಹೇಳಬಹುದು. ಕರುಳಿನ ಚಲನೆ ತಗ್ಗಿಸಲು ಇಂಜೆಕ್ಷನ್ ಕೊಡಬಹುದು. ಸುಮಾರು ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು, ಯಂತ್ರದ ಸದ್ದು ಜೋರು. ಬಳೆ, ಸರ, ಕಿವಿಯೋಲೆ, ಸೊಂಟದ ಚೈನು, ಲೋಹದ ತಾಯಿತ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಶಾಲಿನ ಪಿನ್ನು ಮರೆತುಹೋಗುವ ವಸ್ತು. ಪಿನ್ನು ಇಲ್ಲದ ಹತ್ತಿಯ ಶಾಲು ತಂದರೆ ತಲೆ ಮುಚ್ಚಿಕೊಳ್ಳಬಹುದೇ ಎಂದು ಟೆಕ್ನಿಶಿಯನ್‌ರಲ್ಲಿ ಕೇಳಬಹುದು. ದೇಹದೊಳಗೆ ಪೇಸ್‌ಮೇಕರ್, ಲೋಹದ ಕ್ಲಿಪ್ ಇದ್ದರೆ ಮೊದಲೇ ತಿಳಿಸಬೇಕು.

ರಮಳಾನ್‌ನಲ್ಲಿ ಉಪವಾಸದ ಹೊತ್ತಿಗೆ ನೀರು ಕುಡಿದು ಬರಬೇಕಾದ ಸ್ಕ್ಯಾನ್ ಕಷ್ಟ. ತುರ್ತು ಇಲ್ಲದಿದ್ದರೆ ಉಪವಾಸ ಇಲ್ಲದ ಮುಟ್ಟಿನ ದಿನಗಳಿಗೋ ಪೆರ್ನಾಳ್ ಕಳೆದ ಮೇಲೋ ಇಟ್ಟುಕೊಳ್ಳಬಹುದು.

ಎಷ್ಟು ನಂಬಬಹುದು?

ಕಾಕ್ರೇನ್ ಸಂಸ್ಥೆ 2016ರಲ್ಲಿ 49 ಅಧ್ಯಯನಗಳನ್ನು, 4,807 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಸಾರಾಂಶ ಹೀಗಿದೆ.

ಚಾಕಲೇಟ್ ಸಿಸ್ಟ್: ರೋಗವಿರುವ 100 ಮಂದಿಯಲ್ಲಿ ಯೋನಿ ಮಾರ್ಗದ ಸ್ಕ್ಯಾನ್ 93 ಮಂದಿಯಲ್ಲಿ, ಎಂಆರ್‌ಐ 95 ಮಂದಿಯಲ್ಲಿ ಪತ್ತೆ ಹಚ್ಚಿತು. ರೋಗವಿಲ್ಲದ 100 ಮಂದಿಯಲ್ಲಿ ಇಲ್ಲ ಎಂದು ಸರಿಯಾಗಿ ಹೇಳಿದ್ದು ಕ್ರಮವಾಗಿ 96 ಮತ್ತು 91.

ಆಳದ ರೋಗ: ರೋಗವಿರುವ 100ರಲ್ಲಿ ಸ್ಕ್ಯಾನ್ 79, ಎಂಆರ್‌ಐ 94. ರೋಗವಿಲ್ಲದವರಲ್ಲಿ ಸರಿಯಾಗಿ ಇಲ್ಲ ಎಂದದ್ದು ಸ್ಕ್ಯಾನ್ 94, ಎಂಆರ್‌ಐ 77.

ಎಲ್ಲ ಬಗೆಯೂ ಸೇರಿ: ರೋಗವಿರುವ 100ರಲ್ಲಿ ಸ್ಕ್ಯಾನ್ 65, ಎಂಆರ್‌ಐ 79.

ಈ ಕೊನೆಯ ಸಾಲು ಮುಖ್ಯ. ಮೇಲ್ಪದರದ ಸಣ್ಣ ಚುಕ್ಕೆಗಳು ತಪ್ಪಿಹೋಗುವುದರಿಂದಲೇ ಅಂಕಿ ಇಲ್ಲಿ ಇಳಿದಿದೆ. ಸ್ಕ್ಯಾನ್‌ನಲ್ಲಿ ರೋಗ ಕಂಡರೆ ಬಹುತೇಕ ನಂಬಬಹುದು. ಕಾಣದಿದ್ದರೆ ರೋಗ ಇಲ್ಲವೇ ಇಲ್ಲ ಎನ್ನುವಂತಿಲ್ಲ. “ರಿಪೋರ್ಟ್ ನಾರ್ಮಲ್ ಉಂಟಲ್ಲ, ಮತ್ತೆ ನಿನಗೆ ಎಂಥ ನೋವು?” ಎಂದು ಮಗಳನ್ನೋ ಸೊಸೆಯನ್ನೋ ಪ್ರಶ್ನಿಸುವ ಮೊದಲು ಇದು ನೆನಪಾಗಬೇಕು. ವರದಿ ನಾರ್ಮಲ್ ಇದ್ದರೂ ಲಕ್ಷಣಗಳ ಆಧಾರದಲ್ಲಿ ವೈದ್ಯರು ಔಷಧಿ ಶುರು ಮಾಡಬಹುದು.

ಯಾವುದು ಬೇಡ?

ಈ ರೋಗದ ಪತ್ತೆಗೆ ಎಕ್ಸ್‌ರೇ ಉಪಯೋಗಕ್ಕಿಲ್ಲ. ಸಿಟಿ ಸ್ಕ್ಯಾನ್ ಮೊದಲ ಆಯ್ಕೆಯಲ್ಲ, ಅದರಲ್ಲಿ ವಿಕಿರಣವೂ ಇದೆ. ‘ಸಿಎ-125’ ಎಂಬ ರಕ್ತಪರೀಕ್ಷೆಯ ಅಂಕಿ ಬೇರೆ ಹಲವು ಕಾರಣಗಳಿಂದಲೂ ಏರುತ್ತದೆ, ರೋಗ ಇದ್ದರೂ ಏರದೆ ಇರಬಹುದು. ಅದನ್ನು ನೋಡಿ ಎಂಡೋಮೆಟ್ರಿಯೋಸಿಸ್ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಬಾರದು ಎಂದು ಎಶ್ರೆ ಮಾರ್ಗಸೂಚಿ ಹೇಳುತ್ತದೆ. ಅಂಕಿ ಏರಿದ್ದನ್ನು ಕಂಡು ಕ್ಯಾನ್ಸರ್ ಎಂದು ಮನೆ ಮಂದಿಯೆಲ್ಲ ಹೆದರುವುದೂ ಬೇಡ.

ಮೇಲ್ಪದರದ ರೋಗವನ್ನೂ ಹಿಡಿಯುವ ಹೊಸ ವಿಧಾನಗಳ ಹುಡುಕಾಟ ನಡೆದಿದೆ. ಹೊಸ ರಕ್ತನಾಳ ಬೆಳೆಯುವ ಜಾಗಕ್ಕೆ ಅಂಟುವ ‘ಮರಾಸಿಕ್ಲಾಟೈಡ್’ ಎಂಬ ವಸ್ತುವನ್ನು ಇಂಜೆಕ್ಷನ್ ಮೂಲಕ ಕೊಟ್ಟು ವಿಶೇಷ ಕ್ಯಾಮರಾದಲ್ಲಿ ನೋಡುವ ಪ್ರಯೋಗ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದಿದೆ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾನಿಲಯದ ತಂಡ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ಜೋಡಿಸಿ ಓದಿಸುವ ಕೆಲಸದಲ್ಲಿದೆ. ಇವೆಲ್ಲ ಇನ್ನೂ ಸಂಶೋಧನೆಯ ಹಂತದವು.

ಕಾಸರಗೋಡಿನವರ ಪ್ರಶ್ನೆಗಳು

ಎಣ್ಮಕಜೆಯಂಥ ಊರುಗಳಲ್ಲಿ ಎಂಡೋಸಲ್ಫಾನ್‌ನ ನೋವು ಕಂಡ ಜಿಲ್ಲೆಯಲ್ಲಿ ‘ಎಂಡೋ’ ಎಂಬ ಶಬ್ದ ಕೇಳಿದರೇ ಗಾಬರಿಯಾಗುವುದು ಸಹಜ. ಎರಡಕ್ಕೂ ಹೆಸರಿನಲ್ಲಷ್ಟೇ ಹೋಲಿಕೆ. ಎಂಡೋಮೆಟ್ರಿಯಂ ಎಂದರೆ ಗರ್ಭಕೋಶದ ಒಳಪದರ, ಅದರಿಂದ ಬಂದ ಹೆಸರು ಎಂಡೋಮೆಟ್ರಿಯೋಸಿಸ್. ಎಂಡೋಸಲ್ಫಾನ್ ಕೀಟನಾಶಕ. ಅದೇ ಈ ರೋಗಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ಕೀಟನಾಶಕ ಸಿಂಪಡಿಸದ ದೇಶಗಳಲ್ಲೂ ನಗರಗಳಲ್ಲೂ ಈ ರೋಗ ಇದೆ.

ಇನ್ನೊಂದು ಪ್ರಶ್ನೆ, ಎಲ್ಲಿಗೆ ಹೋಗುವುದು? ಜಿಲ್ಲೆಯಲ್ಲಿ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಇವೆ. ಬದಿಯಡ್ಕ ಸಮೀಪದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿ, 2020ರ ಎಪ್ರಿಲ್‌ನಲ್ಲಿ ಅದರ ಕಟ್ಟಡ ಮೊದಲು ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ದಕ್ಷಿಣಕ್ಕೆ ಪರಿಯಾರಂ ಮೆಡಿಕಲ್ ಕಾಲೇಜು. ಆದರೆ ಉಪ್ಪಳ, ಕುಂಬಳೆ, ಮಂಜೇಶ್ವರದವರಿಗೆ ಹತ್ತಿರವಾಗುವುದು ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ದೊಡ್ಡದು ಎಂಬುದು ಎಲ್ಲರಿಗೂ ಅರಿವಾಯಿತು. ಎರಡೂ ರಾಜ್ಯಗಳ ಆಸ್ಪತ್ರೆಗಳ ನಡುವೆ ಓಡಾಡುವವರಿಗೆ ಹಳೆಯ ದಾಖಲೆಗಳೇ ಆಧಾರ. ವರದಿಯ ಕಾಗದ ಮಾತ್ರವಲ್ಲ, ಚಿತ್ರಗಳಿರುವ ಸಿಡಿ ಅಥವಾ ಲಿಂಕ್ ಕೂಡ ಕೇಳಿ ಪಡೆದು ಜೋಪಾನ ಮಾಡಬೇಕು. ಇಲ್ಲದಿದ್ದರೆ ಅದೇ ಸ್ಕ್ಯಾನ್‌ಗೆ ಮತ್ತೊಮ್ಮೆ ದುಡ್ಡು ಕೊಡಬೇಕಾದೀತು.

ದೊಡ್ಡ ಆಸ್ಪತ್ರೆ ಎಂದಾಕ್ಷಣ ಸರಿಯಾದ ಸ್ಕ್ಯಾನ್ ಎಂದಲ್ಲ. ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು:

• ಎಂಡೋಮೆಟ್ರಿಯೋಸಿಸ್‌ಗೆಂದೇ ವಿಶೇಷ ಸ್ಕ್ಯಾನ್ ಅಥವಾ ‘ಎಂಡೋಮೆಟ್ರಿಯೋಸಿಸ್ ಮ್ಯಾಪಿಂಗ್’ ಇಲ್ಲಿ ಮಾಡುತ್ತಾರೆಯೇ?
• ಸ್ಲೈಡಿಂಗ್ ಸೈನ್, ಕರುಳು, ಕಿಡ್ನಿ ನೋಡಿ ವರದಿಯಲ್ಲಿ ಬರೆಯುತ್ತಾರೆಯೇ?
• ಮಹಿಳಾ ವೈದ್ಯರು ಯಾವ ದಿನ ಇರುತ್ತಾರೆ?
• ಎಂಆರ್‌ಐ ಚೀಟಿಯಲ್ಲಿ ‘ಎಂಡೋಮೆಟ್ರಿಯೋಸಿಸ್ ಸಂಶಯ’ ಎಂದು ಡಾಕ್ಟರ್ ಬರೆದಿದ್ದಾರೆಯೇ? ಬರೆದಿದ್ದರೆ ರೇಡಿಯಾಲಜಿಸ್ಟ್ ಅದನ್ನೇ ಹುಡುಕಿ ನೋಡುತ್ತಾರೆ.

ಜೊತೆಗೆ ಮೂರು ತಿಂಗಳ ಒಂದು ಸಣ್ಣ ಡೈರಿ ಇದ್ದರೆ ಯಾವ ಯಂತ್ರಕ್ಕೂ ಕಡಿಮೆಯಲ್ಲ. ನೋವು ಯಾವ ದಿನ ಶುರುವಾಯಿತು, ಹತ್ತರಲ್ಲಿ ಎಷ್ಟು ಅಂಕ, ಎಷ್ಟು ಮಾತ್ರೆ, ಎಷ್ಟು ದಿನ ಕಾಲೇಜು ತಪ್ಪಿತು, ಮಲಮೂತ್ರದ ಹೊತ್ತಿಗೆ ನೋವಿತ್ತೇ, ವಿವಾಹಿತರಾದರೆ ದಾಂಪತ್ಯದಲ್ಲಿ ನೋವಿದೆಯೇ ಎಂಬುದನ್ನು ಬರೆದಿಟ್ಟರೆ ಸಾಕು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಡೈರಿಯನ್ನೇ ಡಾಕ್ಟರ್ ಕೈಗೆ ಕೊಡಬಹುದು.

ಪತ್ತೆಯಾದ ಮೇಲೆ

ಈ ರೋಗವನ್ನು ಬೇರುಸಹಿತ ಕಿತ್ತುಹಾಕುವ ಮದ್ದು ಇನ್ನೂ ಇಲ್ಲ, ಆದರೆ ಹಿಡಿತಕ್ಕೆ ತರಬಹುದು. ನೋವಿನ ಮಾತ್ರೆ, ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ, ಅಗತ್ಯವಿದ್ದರೆ ಆಪರೇಷನ್, ಮಕ್ಕಳಾಗಲು ತಡವಾದರೆ ಅದಕ್ಕೆ ಬೇಕಾದ ಚಿಕಿತ್ಸೆ ಇವೆ. ರೋಗವಿದ್ದವರಿಗೆಲ್ಲ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಹಲವರಿಗೆ ಚಿಕಿತ್ಸೆಯಿಲ್ಲದೆಯೂ ಮಕ್ಕಳಾಗುತ್ತವೆ. ಗಂಡ ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಮನೆಗಳಲ್ಲಿ ಮಗುವಾಗದ ಹೊಣೆಯನ್ನು ಸೊಸೆಯೊಬ್ಬಳ ತಲೆಗೆ ಕಟ್ಟುವ ಮುನ್ನ ಇಬ್ಬರ ಪರೀಕ್ಷೆಯೂ ಆಗಬೇಕು.

ಹದಿನೈದರ ಹೆಣ್ಣುಮಗಳು ತಿಂಗಳಿಗೆ ಎರಡು ದಿನ ಹಾಸಿಗೆಯಲ್ಲಿ ಮುದುಡಿಕೊಂಡರೆ ವರ್ಷಕ್ಕೆ ಇಪ್ಪತ್ತನಾಲ್ಕು ದಿನ. ಮದುವೆಯಾದ ಮೇಲೆ ನೋಡೋಣ ಎಂದು ಎಂಟು ವರ್ಷ ಕಾದರೆ ಅದು ಆರು ತಿಂಗಳಿಗೂ ಹೆಚ್ಚಾಗುತ್ತದೆ. ಅಷ್ಟು ದಿನಗಳನ್ನು ಉಳಿಸಲು ಬೇಕಾದ ಮೊದಲ ಹೆಜ್ಜೆ ಸಣ್ಣದು. ಅವಳು ನೋವು ಎಂದಾಗ ಮನೆಯವರು ನಂಬಬೇಕು, ಮತ್ತು ಸರಿಯಾದ ಸ್ಕ್ಯಾನ್ ಕೇಳಿ ಮಾಡಿಸಬೇಕು.